ಕಂಬದ ದುಂಡು, ಫೈಲಿನ ಮೂಲೆ: ಹರಿಹರದಿಂದ ರೆವಿಟ್‌ವರೆಗೆ ಕಟ್ಟಡದ ನಕ್ಷೆ ಕೈ ಬದಲಿಸಿದ ಕಥೆ

ಇವತ್ತು ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ನಿಮ್ಮ ಕಂಪ್ಯೂಟರಿನಲ್ಲಿ ಸ್ಕೆಚ್‌ಅಪ್ ಇದ್ರೆ ಒಂದು ವೃತ್ತ ಎಳೀರಿ, ಆಮೇಲೆ ಜೂಮ್ ಮಾಡಿ ನೋಡಿ. ಅಲ್ಲಿರೋದು ವೃತ್ತ ಅಲ್ಲ. 24 ಸಣ್ಣ ನೇರ ಗೆರೆಗಳನ್ನ ತುದಿಗೆ ತುದಿ ಜೋಡಿಸಿ ದುಂಡಗೆ ಕಾಣೋ ಹಾಗೆ ಮಾಡಿರೋದು. ಆ ವೃತ್ತದ ಮೇಲೆ ಕ್ಲಿಕ್ ಮಾಡಿ ಕೇಳಿದ್ರೆ ತ್ರಿಜ್ಯ ಎಷ್ಟು ಅಂತ ಹೇಳುತ್ತೆ, ಅಂದ್ರೆ ಇದು ವೃತ್ತ ಅನ್ನೋದು ಅದಕ್ಕೆ ಗೊತ್ತು. ಈಗ ಅದನ್ನ ಮೇಲಕ್ಕೆ ಎಳೆದು ಕಂಬ ಮಾಡಿ, ಬೇರೆ ತಂತ್ರಾಂಶಕ್ಕೆ ಕಳಿಸಿ. ಆ ಕಡೆ ಇಳಿಯೋದು 24 ಚಪ್ಪಟೆ ಮುಖಗಳ ಒಂದು ಬೊಂಬು. ತ್ರಿಜ್ಯ ಇಲ್ಲ, ಕೇಂದ್ರ ಇಲ್ಲ, ಕಂಬ ಅನ್ನೋ ಹೆಸರೂ ಇಲ್ಲ. ಕಾಣೋಕೆ ಎಲ್ಲ ಇದೆ, ತಿಳಿಯೋಕೆ ಏನೂ ಇಲ್ಲ.

ಈ ಸಂಚಿಕೆ ಪೂರ್ತಿ ಆ ದಾರಿಯ ಬಗ್ಗೆ. ವಿನ್ಯಾಸದ ಮಾಡೆಲ್ಲಿನಿಂದ ಕೆಲಸದ ನಕ್ಷೆಗೆ ಹೋಗೋ ದಾರಿ. ಕಟ್ಟಡದ ಕಲ್ಪನೆ ಒಂದು ತಂತ್ರಾಂಶದಲ್ಲಿ ಹುಟ್ಟುತ್ತೆ, ಸ್ಕೆಚ್‌ಅಪ್ಪೋ ರೈನೋನೋ. ಮೇಸ್ತ್ರಿ ಕೈಗೆ ಹೋಗೋ ಪ್ಲಾನು, ಸೆಕ್ಷನ್, ಬಾಗಿಲು ಕಿಟಕಿಗಳ ಪಟ್ಟಿ, ಅಳತೆ ಬರೆದ ಹಾಳೆಗಳು ಇನ್ನೊಂದರಲ್ಲಿ ತಯಾರಾಗ್ತವೆ, ಆಟೋಕ್ಯಾಡೋ ರೆವಿಟ್ಟೋ. ಈ ಎರಡನೇ ಕೆಲಸಕ್ಕೆ ಆಫೀಸುಗಳಲ್ಲಿ ಡಾಕ್ಯುಮೆಂಟೇಶನ್ ಅಂತಾರೆ. ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಓದಿ ಬೆಂಗಳೂರಿಗೆ ಹೋದ ಎಷ್ಟೋ ಹುಡುಗ ಹುಡುಗಿಯರ ಮೊದಲ ಕೆಲಸವೇ ಇದು: ಬೇರೆಯವರ ಮಾಡೆಲ್ ತಗೊಂಡು ಹಾಳೆಗೆ ಇಳಿಸೋದು. ಕೆಲವರಿಗೆ ಆ ಮಾಡೆಲ್ ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬರುತ್ತೆ. ಆಫೀಸಲ್ಲಿ ಈ ಕೆಲಸಕ್ಕೆ ಮರ್ಯಾದೆ ಕಡಿಮೆ. ಡಿಸೈನ್ ಮಾಡೋರು ಕಲಾವಿದರು, ಡ್ರಾಯಿಂಗ್ ಮಾಡೋರು ಗುಮಾಸ್ತರು ಅನ್ನೋ ಭಾವನೆ. ಇತಿಹಾಸ ನೋಡಿದ್ರೆ ಇದು ತಪ್ಪು ಅನ್ನೋದು ನನ್ನ ವಾದ. ಆ ಇತಿಹಾಸಕ್ಕೆ ದೂರ ಹೋಗಬೇಕಿಲ್ಲ, ಹರಿಹರಕ್ಕೆ ಹೋದ್ರೆ ಸಾಕು.

ತುಂಗಭದ್ರಾ ದಡದ ಹರಿಹರೇಶ್ವರ ದೇವಸ್ಥಾನ. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಇದನ್ನ ಕಟ್ಟಿಸಿದ್ದು 1224ರ ಸುಮಾರಿಗೆ. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ, ಅಂದ್ರೆ ಸೋಮನಾಥಪುರ ಕಟ್ಟಿಸಿದವನೇ, ಇಲ್ಲಿ ಇನ್ನಷ್ಟು ಸೇರಿಸಿದ. ದೇವಸ್ಥಾನದ ಆವರಣದಲ್ಲಿ ಶಾಸನಗಳಿವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಅವು ಅಚ್ಚಾಗಿವೆ. ಆಗ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ.

ಒಳಗೆ ಹೋಗಿ ಮಂಟಪದ ಕಂಬಗಳನ್ನ ನೋಡಿ. ಕಲ್ಲನ್ನ ತಿರುಗಿಸ್ತಾ ಉಳಿ ಹಿಡಿದು ಕಡೆದ ಕಂಬಗಳು, ಇಂಗ್ಲಿಷ್ ಪುಸ್ತಕಗಳು ಲೇತ್ ಕಂಬ ಅಂತ ಕರೆಯೋ ಬಗೆಯವು. ಗಂಟೆಯ ಆಕಾರ, ಬಳೆಯ ಆಕಾರ, ತೆಳು ಕತ್ತು, ಮತ್ತೆ ಅಗಲ. ಮೊಸರು ಕಡೆಯೋದಕ್ಕೂ ಕಂಬ ಕಡೆಯೋದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ ಇರೋದು ಸುಮ್ಮನೆ ಅಲ್ಲ, ಎರಡರಲ್ಲೂ ಇರೋದು ಒಂದು ಅಕ್ಷ ಮತ್ತು ತಿರುಗಾಟ.

ಈಗ ಒಂದು ವಿಷಯ ಗಮನಿಸಿ. ಬುಡದ ಚೌಕ ಭಾಗ ಬಿಟ್ಟರೆ, ಇಂಥ ಕಂಬದ ಇಡೀ ವಿನ್ಯಾಸ ಎಷ್ಟು? ಒಂದೇ ಒಂದು ಗೆರೆ. ಕಂಬವನ್ನ ಮಧ್ಯಕ್ಕೆ ಸೀಳಿದ್ರೆ ಅಂಚಿನಲ್ಲಿ ಕಾಣೋ ಬಳುಕು ಗೆರೆ, ಜೊತೆಗೆ ನಡುವಿನ ಅಕ್ಷ. ಆ ಗೆರೆ ಮತ್ತು ಅಕ್ಷ ಗೊತ್ತಿದ್ದವನಿಗೆ ಕಂಬ ಗೊತ್ತು. ಉಳಿದಿದ್ದನ್ನ ತಿರುಗಾಟ ಮಾಡುತ್ತೆ. ಕಂಬ ಕಡೆದವನು ಮೂರು ಆಯಾಮದ ಮಾಡೆಲ್ ಒಂದನ್ನ ಇನ್ನೊಬ್ಬರಿಗೆ ಸಾಗಿಸಬೇಕಾಗಿರಲಿಲ್ಲ, ಗೆರೆ ಸಾಗಿಸಿದ್ರೆ ಸಾಕಿತ್ತು.

ಇಂದಿನ ತಂತ್ರಾಂಶದಲ್ಲೂ ಇದು ಹಾಗೇ ಇದೆ. ಸ್ಕೆಚ್‌ಅಪ್‌ನಲ್ಲಿ ಫಾಲೋ ಮಿ, ರೆವಿಟ್‌ನಲ್ಲಿ ರಿವಾಲ್ವ್. ಎರಡೂ ಕೇಳೋದು ಒಂದು ಗೆರೆ, ಒಂದು ದಾರಿ ಅಥವಾ ಅಕ್ಷ. ಹರಿಹರದ ಕಂಬವನ್ನ ಸ್ಕೆಚ್‌ಅಪ್‌ನಲ್ಲಿ ಪೂರ್ತಿ ಮಾಡಿ, ಸಾವಿರಾರು ಮುಖಗಳ ಆ ರಾಶಿಯನ್ನ ರೆವಿಟ್‌ಗೆ ತಳ್ಳಿದ್ರೆ ಅದು ಒಂದು ಕಲ್ಲುಗುಂಡಿನ ಹಾಗೆ ಕೂತುಬಿಡುತ್ತೆ. ಅಳತೆ ಬದಲಿಸೋಕೆ ಆಗಲ್ಲ, ಸೆಕ್ಷನ್ ಕತ್ತರಿಸಿದ್ರೆ ಬೇಡದ ಗೆರೆಗಳೆಲ್ಲ ಎದ್ದು ಕಾಣ್ತವೆ. ಬರೀ ಆ ಬಳುಕು ಗೆರೆಯನ್ನ ಕಳಿಸಿ ಆ ಕಡೆ ಹೊಸದಾಗಿ ತಿರುಗಿಸಿದ್ರೆ ನಿಜವಾದ ದುಂಡು ಕಂಬ ಸಿಗುತ್ತೆ. ಇದು ಗೊತ್ತಿರೋ ಡ್ರಾಫ್ಟ್ಸ್‌ಮನ್ ಒಂದು ಮಧ್ಯಾಹ್ನದಲ್ಲಿ ಮುಗಿಸೋ ಕೆಲಸಕ್ಕೆ, ಗೊತ್ತಿಲ್ಲದ ಆಫೀಸು ಒಂದು ವಾರ ಫೈಲ್ ಕನ್ವರ್ಟ್ ಮಾಡ್ತಾ ಕೂರುತ್ತೆ.

ದೇವಸ್ಥಾನದಲ್ಲಿ ಇನ್ನೊಂದು ಪಾಠವೂ ಇದೆ, ಅದು ಅಷ್ಟು ಖುಷಿಯದ್ದಲ್ಲ. ಗರ್ಭಗುಡಿ ಮೇಲೆ ಈಗ ಕಾಣೋ ಬಿಳಿ ಶಿಖರ ಹೊಯ್ಸಳರದ್ದಲ್ಲ, ಬಹಳ ಆಮೇಲಿನದು. ಮೂಲ ಶಿಖರ ಹೋಗಿಬಿಟ್ಟಿದೆ. ಶಾಸನ ಕಟ್ಟಿಸಿದವನ ಹೆಸರು ಹೇಳುತ್ತೆ, ದಾನಗಳನ್ನ ಹೇಳುತ್ತೆ. ಆದ್ರೆ ಶಾಸನ ಓದಿಕೊಂಡು ಯಾರೂ ಆ ಶಿಖರ ಮತ್ತೆ ಕಟ್ಟೋಕೆ ಆಗಲ್ಲ. ಆ ಕಾಲದ ಕಟ್ಟಡದ ತಿಳಿವಳಿಕೆ ಕಟ್ಟೋರ ಕೈಯಲ್ಲಿ, ಕಣ್ಣಲ್ಲಿ, ದಾರ ಮತ್ತು ತೂಕದ ಗುಂಡಿನಲ್ಲಿ ಇತ್ತು. ವಿನ್ಯಾಸ ಬೇರೆ, ದಾಖಲೆ ಬೇರೆ ಅನ್ನೋ ವಿಂಗಡಣೆಯೇ ನಮ್ಮ ಅರ್ಥದಲ್ಲಿ ಇರಲಿಲ್ಲ. ಒಂದೇ ಕೈ ಇದ್ದಾಗ ಸಾಗಿಸೋ ಸಮಸ್ಯೆ ಇಲ್ಲ. ಆ ಕೈ ಹೋದ ಮೇಲೆ ಉಳಿಯೋದೂ ಇಲ್ಲ.

1850ರ ದಶಕದಲ್ಲಿ ಕ್ಯಾಮೆರಾ ಬಂತು. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಫೋಟೋ ಪುಸ್ತಕ ಬಂತು. ಚಿತ್ರಗಳು ಪಿಗೌ, ನೀಲ್ ಮತ್ತು ಬಿಗ್ಸ್ ಅವರದ್ದು, ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದ್ದು. ಹರಿಹರವೂ ಅದರಲ್ಲಿದೆ. ಬಹಳ ಚೆಂದದ ಚಿತ್ರಗಳು. ಆದ್ರೆ ಫೋಟೋದಿಂದ ಅಳತೆ ಸಿಗಲ್ಲ. ಇವತ್ತು ಮನೆ ಕಟ್ಟಿಸೋರ ವಾಟ್ಸ್‌ಆ್ಯಪ್‌ಗೆ ಬರೋ ತ್ರೀಡಿ ಎಲಿವೇಶನ್ ಚಿತ್ರವೂ ಅಂಥದ್ದೇ. ಸಂಜೆ ಬೆಳಕು, ಮುಂದೆ ಒಂದು ಕಾರು, ಗೇಟಿನ ಹತ್ರ ಹೂವಿನ ಗಿಡ. ಮೇಸ್ತ್ರಿ ಅದನ್ನ ನೋಡಿ ತಲೆ ಆಡಿಸ್ತಾನೆ, ಆಮೇಲೆ ಕೇಳ್ತಾನೆ: ಸಜ್ಜಾ ಎಷ್ಟು ಮುಂದೆ ಬರಬೇಕು ಸಾರ್?

ಈಗ ಹರಿಹರದಿಂದ ದಾವಣಗೆರೆಗೆ ಬರೋಣ, 14 ಕಿಲೋಮೀಟರ್ ಚಿಲ್ಲರೆ. ದಾರಿಯಲ್ಲಿ ಬೆಣ್ಣೆದೋಸೆ ನಿಮಗೆ ಬಿಟ್ಟಿದ್ದು. ಊರಲ್ಲಿ ಕುಂದುವಾಡ ಕೆರೆ ಕಡೆ ಒಂದು ಗಾಜಿನ ಮನೆ ಇದೆ. ನೋಡಿದ ತಕ್ಷಣ ಎಲ್ಲರೂ ಹೇಳೋದು ಒಂದೇ ಮಾತು: ಲಾಲ್‌ಬಾಗ್ ಥರ ಇದೆ, ಅದಕ್ಕಿಂತ ದೊಡ್ಡದು. ಹೌದು, ಅದು ಲಾಲ್‌ಬಾಗಿನ ಮಾದರಿ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರ ನವೆಂಬರ್ 30ರಂದು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಿದ್ದಾಗ. ಅದಕ್ಕೆ ಸ್ಫೂರ್ತಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, 1851ರದ್ದು. ಹೀಗೆ ಒಂದು ಕಟ್ಟಡದ ಕಲ್ಪನೆ ಲಂಡನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದಾವಣಗೆರೆಗೆ ನಡೆದು ಬಂದಿದೆ.

ಈ ಸರಪಳಿಯ ಮೊದಲ ಕೊಂಡಿ ನಮಗೆ ಮುಖ್ಯ. 1850ರ ಜೂನ್ 11. ಡರ್ಬಿ ಊರಲ್ಲಿ ರೈಲ್ವೆ ಕಂಪನಿಯ ಮೀಟಿಂಗು. ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋ ತೋಟಗಾರಿಕೆ ತಜ್ಞ ಅಲ್ಲಿ ಕೂತು, ಶಾಯಿ ಹೀರೋ ಹಾಳೆ ಇರುತ್ತಲ್ಲ, ಬ್ಲಾಟಿಂಗ್ ಪೇಪರು, ಅದರ ಮೇಲೆ ಕ್ರಿಸ್ಟಲ್ ಪ್ಯಾಲೇಸಿನ ಮೊದಲ ಚಿತ್ರ ಗೀಚಿದ. ಆ ಹಾಳೆ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಹಾಳೆಯ ಕಥೆ ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋ ಹೆಸರು ಚಾರ್ಲ್ಸ್ ಫಾಕ್ಸ್. ಗುತ್ತಿಗೆ ಹಿಡಿದ ಫಾಕ್ಸ್ ಹೆಂಡರ್ಸನ್ ಕಂಪನಿಯವನು. ಕೆಲಸದ ನಕ್ಷೆಗಳನ್ನ ತಾನೇ ಕೂತು, ದಿನಕ್ಕೆ 18 ಗಂಟೆಯಂತೆ 7 ವಾರ ಬರೆದೆ ಅಂತ ಅವನು ಹೇಳಿಕೊಂಡಿದ್ದಾನೆ. ಗೀಚಿದ ಚಿತ್ರಕ್ಕೂ 1851ರ ಮೇ 1ರ ಉದ್ಘಾಟನೆಗೂ ನಡುವೆ ಒಂದು ವರ್ಷವೂ ಇಲ್ಲ. ಅಷ್ಟು ಬೇಗ ಎದ್ದು ನಿಂತಿದ್ದಕ್ಕೆ ಕಾರಣ ಬ್ಲಾಟಿಂಗ್ ಪೇಪರ್ ಒಂದೇ ಅಲ್ಲ. ಇಡೀ ಕಟ್ಟಡ 24 ಅಡಿಯ ಚೌಕಟ್ಟಿನ ಮೇಲೆ ಕೂತಿತ್ತು, ಪ್ರತಿ ಕಂಬ, ಪ್ರತಿ ತೊಲೆ ಒಂದೇ ಅಳತೆಯ ಲೆಕ್ಕದಲ್ಲಿ ಅಚ್ಚಿಗೆ ಹೋಗೋ ಹಾಗೆ ನಕ್ಷೆ ಇತ್ತು. ಪ್ಯಾಕ್ಸ್‌ಟನ್‌ಗೆ ಸರ್ ಪದವಿ ಸಿಕ್ತು. ಫಾಕ್ಸ್‌ಗೂ ಸಿಕ್ತು, ಅಷ್ಟರಮಟ್ಟಿಗೆ ಆ ಕಾಲ ನಮ್ಮ ಆಫೀಸುಗಳಿಗಿಂತ ನ್ಯಾಯವಾಗಿತ್ತು ಅನ್ನಬಹುದು.

ಲಾಲ್‌ಬಾಗಿನ ಕಬ್ಬಿಣ ಬಂದಿದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಎರಕದ ಮನೆಯಿಂದ. ಈ ಕಂಪನಿ ದಪ್ಪ ದಪ್ಪ ಕ್ಯಾಟಲಾಗ್ ಅಚ್ಚು ಹಾಕಿಸ್ತಿತ್ತು. ಕಂಬಕ್ಕೊಂದು ನಂಬರು, ಕಮಾನಿಗೊಂದು, ಕಟಕಟೆಗೊಂದು. ಸಾವಿರಾರು ಮೈಲಿ ಆಚೆಯ ಗಿರಾಕಿ ನಂಬರು ಬರೆದು ಕಳಿಸಿದ್ರೆ ಅದೇ ತುಂಡು ಹಡಗಲ್ಲಿ ಬರ್ತಿತ್ತು. ರೆವಿಟ್ ಗೊತ್ತಿದ್ದವರಿಗೆ ಇದು ಏನು ಅಂತ ಹೊಳೆದಿರಬೇಕು: ಫ್ಯಾಮಿಲಿ ಲೈಬ್ರರಿ. ಚಿತ್ರ ಸಾಗಿಸೋ ಬದಲು ಹೆಸರು ಸಾಗಿಸೋದು. ಎರಡೂ ಕಡೆ ಆ ಹೆಸರಿಗೆ ಒಂದೇ ಅರ್ಥ ಇದ್ರೆ, ಅಷ್ಟು ದೂರದಲ್ಲೂ ಏನೂ ಕಳೆದುಹೋಗಲ್ಲ.

ಹರಿಹರಕ್ಕೆ ಇನ್ನೊಂದು ಸಲ ಹೋಗಬೇಕು, ಈ ಸಲ 1941ಕ್ಕೆ. ಆ ವರ್ಷ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಅವರು ಮಾಡ್ತಿದ್ದಿದ್ದು ಏನು? ಲೇತ್ ಯಂತ್ರ. ತಿರುಗಿಸಿ ಕಡೆದ ಕಂಬಗಳ ದೇವಸ್ಥಾನ ಇರೋ ಊರಲ್ಲಿ ಏಳು ಶತಮಾನದ ಮೇಲೆ ಲೇತ್ ಕಾರ್ಖಾನೆ. ಕಾಕತಾಳೀಯ ಅಷ್ಟೇ, ಆದ್ರೂ ಹೇಳದೆ ಇರೋಕೆ ಮನಸ್ಸು ಬರಲಿಲ್ಲ. ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಹರಿಹರ ಅಂದ್ರೆ ಆ ಲೇತು. 2000ದ ದಶಕದ ಶುರುವಿನಲ್ಲಿ ಕಾರ್ಖಾನೆ ಮುಚ್ಚಿತು, ಊರಿಗೆ ಅದು ದೊಡ್ಡ ಪೆಟ್ಟು.

ಲೇತಿನಂಥ ಯಂತ್ರ ತಯಾರಾಗೋ ರೀತಿ ನಮ್ಮ ವಿಷಯಕ್ಕೆ ಬೇಕು. ಡ್ರಾಯಿಂಗ್ ಆಫೀಸಿನಿಂದ ನಕ್ಷೆ ಬರುತ್ತೆ. ಅದು ಮೊದಲು ಹೋಗೋದು ಪ್ಯಾಟರ್ನ್ ಶಾಪಿಗೆ, ಅಲ್ಲಿ ಮರದಲ್ಲಿ ಅದರ ಪ್ರತಿರೂಪ ಮಾಡ್ತಾರೆ. ಆ ಮರದ ಅಚ್ಚನ್ನ ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಜಾಗಕ್ಕೆ ಕರಗಿದ ಕಬ್ಬಿಣ ಸುರೀತಾರೆ. ಈಗ ನೋಡ್ರಿ: ಎರಕದ ಕಬ್ಬಿಣ ತಣ್ಣಗಾಗುವಾಗ ಕುಗ್ಗುತ್ತೆ, ಮೀಟರಿಗೆ ಸುಮಾರು 10 ಮಿಲಿಮೀಟರು. ನಕ್ಷೆಯಲ್ಲಿ ಇರೋದು ಕೊನೆಗೆ ಬೇಕಾದ ಅಳತೆ, ಕುಗ್ಗೋದರ ಲೆಕ್ಕ ಅದರಲ್ಲಿ ಇರಲ್ಲ. ಅದಕ್ಕೆ ಪ್ಯಾಟರ್ನ್ ಮಾಡೋನು ಮರವನ್ನ ಅಷ್ಟು ದೊಡ್ಡದಾಗಿ ಕೆತ್ತುತ್ತಾನೆ. ಇದಕ್ಕೇ ಅಂತ ಬೇರೆ ಸ್ಕೇಲ್ ಇರುತ್ತೆ, ಅದರ ಮೇಲಿನ ಒಂದೊಂದು ಇಂಚೂ ನಿಜವಾದ ಇಂಚಿಗಿಂತ ಕೂದಲೆಳೆಯಷ್ಟು ಉದ್ದ. ನಕ್ಷೆಯನ್ನ ಇದ್ದದ್ದು ಇದ್ದ ಹಾಗೆ ನಕಲು ಮಾಡಿದ ಪ್ಯಾಟರ್ನ್ ಪೂರ್ತಿ ನಿಷ್ಠಾವಂತ, ಪೂರ್ತಿ ನಿರುಪಯೋಗಿ. ಡಾಕ್ಯುಮೆಂಟೇಶನ್ ಅಂದ್ರೆ ನಕಲು ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮಾಡೆಲ್ಲಿನ ಗೋಡೆ ಒಂಬತ್ತು ಇಂಚು ಇದ್ರೆ, ಗಾರೆ ಸೇರಿ ಒಂಬತ್ತಾ, ಬಿಟ್ಟು ಒಂಬತ್ತಾ? ಇಂಥದ್ದನ್ನ ಹಾಳೆಗೆ ಇಳಿಸೋನು ಕೇಳಬೇಕು. ಕೇಳದೆ ಹೋದ್ರೆ ಬಾಗಿಲ ಚೌಕಟ್ಟು ಕೂರದೆ ಇದ್ದಾಗ ಸೈಟಿನಲ್ಲಿ ಕೇಳ್ತಾರೆ, ಆಗ ದುಡ್ಡು ಹೋಗೋದು ಮನೆ ಮಾಲೀಕರದ್ದು.

ಕಂಪ್ಯೂಟರ್ ಯುಗಕ್ಕೆ ಬರೋಣ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಪರದೆ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆಯೋ ಸ್ಕೆಚ್‌ಪ್ಯಾಡ್ ತೋರಿಸಿದ. 1975ರಲ್ಲಿ ಚಾರ್ಲ್ಸ್ ಈಸ್ಟ್‌ಮನ್ ಅನ್ನೋ ಪ್ರಾಧ್ಯಾಪಕ ಒಂದು ಯೋಚನೆ ಮುಂದಿಟ್ಟ: ಪ್ಲಾನು ಬೇರೆ, ಸೆಕ್ಷನ್ ಬೇರೆ ಬರೆಯೋದು ಯಾಕೆ? ಕಟ್ಟಡವನ್ನೇ ಒಮ್ಮೆ ಕಂಪ್ಯೂಟರಿಗೆ ಹೇಳಿಬಿಟ್ರೆ ಎಲ್ಲ ಹಾಳೆಗಳೂ ಅದರಿಂದಲೇ ಬರಲಿ, ಒಂದು ಕಡೆ ತಿದ್ದಿದ್ರೆ ಎಲ್ಲ ಕಡೆ ತಿದ್ದಿದ ಹಾಗೆ ಆಗಲಿ. ಇವತ್ತು ಬಿಮ್ ಅಂತ ಕರೆಯೋದರ ಬೀಜ ಅದು.

ಆದ್ರೆ ಜನರ ಕೈಗೆ ಮೊದಲು ಸಿಕ್ಕಿದ್ದು ಬೇರೆ. 1982ರ ಕೊನೆಯಲ್ಲಿ ಆಟೋಕ್ಯಾಡ್ ಬಂತು. ಅದು ಡ್ರಾಯಿಂಗ್ ಬೋರ್ಡನ್ನ ಕಂಪ್ಯೂಟರಿಗೆ ಹಾಕಿತು, ಕಟ್ಟಡವನ್ನಲ್ಲ. ಗೋಡೆ ಅಂದ್ರೆ ಎರಡು ಸಮಾನಾಂತರ ಗೆರೆ. ಅದು ಗೋಡೆ ಅಂತ ತಿಳಿಯೋದು ನೋಡೋರ ಕಣ್ಣಿಗೆ, ಇಲ್ಲಾಂದ್ರೆ ಲೇಯರಿನ ಹೆಸರಿಗೆ. ಬೇರೆ ತಂತ್ರಾಂಶಗಳ ಜೊತೆ ಫೈಲ್ ಹಂಚಿಕೊಳ್ಳೋಕೆ ಡಿಎಕ್ಸ್‌ಎಫ್ ಅನ್ನೋ ರೂಪವೂ ಜೊತೆಗೇ ಬಂತು. ಎರಡು ವರ್ಷದ ಮೇಲೆ ಹಂಗೇರಿಯ ಗ್ರಾಫಿಸಾಫ್ಟ್ ಕಂಪನಿ ಆರ್ಕಿಕ್ಯಾಡ್‌ನ ಮೊದಲ ರೂಪ ತಂತು, ಅದರಲ್ಲಿ ಗೋಡೆ ಗೋಡೆಯೇ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಎರಡು ತಂತ್ರಾಂಶ ಹೆಚ್ಚುಕಮ್ಮಿ ಒಟ್ಟಿಗೆ ಹುಟ್ಟಿದವು. ಒಂದು ರೆವಿಟ್, ಗೋಡೆ ಬಾಗಿಲು ಮಹಡಿಗಳಿಗೆ ಪರಸ್ಪರ ಸಂಬಂಧ ಗೊತ್ತಿರೋದು. ಇನ್ನೊಂದು ಸ್ಕೆಚ್‌ಅಪ್, ಸಂಬಂಧ ಗಿಂಬಂಧ ಬಿಡಿ, ಪೆನ್ಸಿಲ್ ಹಿಡಿದಷ್ಟು ಸಲೀಸಾಗಿ ಎಳೀರಿ ಅನ್ನೋದು. ರೆವಿಟ್ಟನ್ನ 2002ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು. ಸ್ಕೆಚ್‌ಅಪ್ಪನ್ನ 2006ರಲ್ಲಿ ಗೂಗಲ್ ಕೊಂಡು ಪುಕ್ಕಟೆ ಆವೃತ್ತಿ ಬಿಟ್ಟಿತು, 2012ರಲ್ಲಿ ಅದು ಟ್ರಿಂಬಲ್ ಕಂಪನಿಗೆ ಹೋಯ್ತು. ಪುಕ್ಕಟೆ ಅನ್ನೋ ಮಾತು ಎಷ್ಟು ದೊಡ್ಡದು ಅಂತ ನಮ್ಮ ಕಾಲೇಜುಗಳಲ್ಲಿ ಓದಿದವರಿಗೆ ವಿವರಿಸಬೇಕಿಲ್ಲ.

ಒಂದೇ ವರ್ಷ ಹುಟ್ಟಿದ ಈ ಎರಡರ ಸ್ವಭಾವ ಎಷ್ಟು ಬೇರೆ ಅಂದ್ರೆ, ಇಂದಿನ ತಲೆನೋವೆಲ್ಲ ಅಲ್ಲಿಂದಲೇ. ಸ್ಕೆಚ್‌ಅಪ್ ಮಾಡೆಲ್ಲನ್ನ ರೆವಿಟ್‌ಗೆ ಹಾಕಿದ್ರೆ ಆಕಾರ ಬರುತ್ತೆ. ಆದ್ರೆ ಗೋಡೆ ಗೋಡೆಯಾಗಿ ಬರಲ್ಲ. ಬಾಗಿಲುಗಳ ಪಟ್ಟಿ ತೆಗೆದ್ರೆ ಪಟ್ಟಿ ಖಾಲಿ. ಆಕಾರದಲ್ಲಿ 12 ಬಾಗಿಲು ಕಣ್ಣಿಗೆ ಕಾಣ್ತವೆ, ಲೆಕ್ಕದಲ್ಲಿ ಒಂದೂ ಇಲ್ಲ.

ಅಳತೆಯ ಘಟಕದ ಗೊಂದಲವೂ ಇದೆ, ನಮ್ಮಲ್ಲಿ ಇದು ಜಾಸ್ತಿ. ಸೈಟು ಅಂದ್ರೆ 30-40, ಅದು ಅಡಿ. ಕಬ್ಬಿಣದ ಸರಳು ಮಿಲಿಮೀಟರು. ಕಟ್ಟೋ ಖರ್ಚು ಚದರಕ್ಕೆ ಇಷ್ಟು. ಸರ್ವೆ ಮೀಟರಿನಲ್ಲಿ. ಸ್ಕೆಚ್‌ಅಪ್ ನಿಮಗೆ ಏನೇ ತೋರಿಸಲಿ, ಒಳಗೊಳಗೆ ಎಲ್ಲವನ್ನೂ ಇಂಚಿನಲ್ಲಿ ಇಟ್ಟುಕೊಳ್ಳುತ್ತೆ. 30 ಅಡಿ ಅಂದ್ರೆ 360 ಇಂಚು, 40 ಅಂದ್ರೆ 480. ಫೈಲ್ ತಗೊಳ್ಳುವಾಗ ಘಟಕ ತಪ್ಪು ಆರಿಸಿ ಆ ಅಂಕಿಗಳನ್ನ ಮಿಲಿಮೀಟರು ಅಂದುಕೊಂಡ್ರೆ, ನಿಮ್ಮ 30-40 ಸೈಟು 36 ಸೆಂಟಿಮೀಟರು 48 ಸೆಂಟಿಮೀಟರಿನ ಚಹಾ ತಟ್ಟೆ ಆಗುತ್ತೆ. ಇದು ದೊಡ್ಡ ತಪ್ಪಾದ್ದರಿಂದ ಕಣ್ಣಿಗೆ ಬೀಳುತ್ತೆ. ಕಣ್ಣಿಗೆ ಬೀಳದ ಅರ್ಧ ಇಂಚಿನ ತಪ್ಪುಗಳೇ ಅಪಾಯ.

ಇನ್ನೊಂದು ವಿಚಿತ್ರ, ಮೂಲಬಿಂದು. ಸರ್ವೆಯವರು ಕೊಡೋ ಯುಟಿಎಂ ಲೆಕ್ಕದಲ್ಲಿ ದಾವಣಗೆರೆಯ ಒಂದು ಸೈಟು ಪೂರ್ವಕ್ಕೆ ಸುಮಾರು 6 ಲಕ್ಷ ಮೀಟರ್, ಉತ್ತರಕ್ಕೆ ಸುಮಾರು 16 ಲಕ್ಷ ಮೀಟರ್ ಅಂತ ಇರುತ್ತೆ. ಉತ್ತರದ ಲೆಕ್ಕ ಭೂಮಧ್ಯರೇಖೆಯಿಂದ. ರೆವಿಟ್ ತನ್ನ ಮೂಲಬಿಂದುವಿನಿಂದ ಸುಮಾರು 16 ಕಿಲೋಮೀಟರ್ ಒಳಗೆ ಕಟ್ಟಡ ಇರಲಿ ಅನ್ನುತ್ತೆ, ಆಚೆ ಹೋದ್ರೆ ಗೆರೆಗಳ ನಿಖರತೆ ಕೆಡುತ್ತೆ. 16 ಕಿಲೋಮೀಟರ್ ಅಂದ್ರೆ ದಾವಣಗೆರೆಯಿಂದ ಹರಿಹರ ದಾಟಿ ಒಂಚೂರು. ಸರ್ವೆ ಫೈಲನ್ನ ಹಾಗೇ ಹಾಕಿದ್ರೆ ನಿಮ್ಮ ಮನೆ ಅದರ ಕಣ್ಣಿಗೆ ಸಾವಿರಾರು ಕಿಲೋಮೀಟರ್ ಆಚೆ. ಅದಕ್ಕೇ ಮೊದಲ ದಿನವೇ ಸೈಟಿನ ಒಂದು ಮೂಲೆಯನ್ನ ಸೊನ್ನೆ ಅಂತ ಎಲ್ಲರೂ ಒಪ್ಪಿಕೊಳ್ಳಬೇಕು. ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟೋದು ಇದಕ್ಕೇ, ಅವನಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಹೊಂದಿಕೆ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ಜಗತ್ತು ನೆನಪಿಡೋ ಉದಾಹರಣೆ ಕಟ್ಟಡದ್ದಲ್ಲ, ವಿಮಾನದ್ದು. ಏರ್‌ಬಸ್ ಎ380. ಜರ್ಮನಿಯ ತಂಡ ಕ್ಯಾಟಿಯಾ ಅನ್ನೋ ತಂತ್ರಾಂಶದ 4ನೇ ಆವೃತ್ತಿಯಲ್ಲಿ, ಫ್ರಾನ್ಸಿನ ತಂಡ 5ನೇ ಆವೃತ್ತಿಯಲ್ಲಿ ಕೆಲಸ ಮಾಡ್ತಿದ್ದವು. ಒಂದು ವಿಮಾನಕ್ಕೆ 500 ಕಿಲೋಮೀಟರಿಗೂ ಹೆಚ್ಚು ವೈರು. ಟುಲೂಸ್‌ನಲ್ಲಿ ಜೋಡಿಸೋಕೆ ಹೋದಾಗ ಹ್ಯಾಂಬರ್ಗಿನಿಂದ ಬಂದ ವೈರುಗಳು ಎಟುಕಲಿಲ್ಲ. 2006ರಲ್ಲಿ ಇದು ಬಯಲಾಯ್ತು, ವಿಮಾನ ಸುಮಾರು ಎರಡು ವರ್ಷ ತಡವಾಯ್ತು. ಕಂಪನಿ ಒಂದೇ, ತಂತ್ರಾಂಶದ ಹೆಸರೂ ಒಂದೇ.

ಕಟ್ಟಡಗಳಲ್ಲಿ ನಷ್ಟ ಹೀಗೆ ಸುದ್ದಿಯಾಗಲ್ಲ, ಚೂರುಚೂರಾಗಿ ಸೋರುತ್ತೆ. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಲೆಕ್ಕ ಹಾಕಿತು: ತಂತ್ರಾಂಶಗಳ ನಡುವೆ ಮಾಹಿತಿ ಸರಿಯಾಗಿ ಸಾಗದೆ ಇರೋದರಿಂದ ಆ ದೇಶದ ದೊಡ್ಡ ಕಟ್ಟಡಗಳ ಕ್ಷೇತ್ರಕ್ಕೆ ವರ್ಷಕ್ಕೆ 1,580 ಕೋಟಿ ಡಾಲರ್ ನಷ್ಟ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿದ್ದಿದ್ದು ಆರ್ಕಿಟೆಕ್ಟ್ ಮೇಲಲ್ಲ, ಗುತ್ತಿಗೆದಾರರ ಮೇಲಲ್ಲ. ಕಟ್ಟಡದ ಮಾಲೀಕರು ಮತ್ತು ಅದನ್ನ ನಡೆಸೋರ ಮೇಲೆ.

ಇದಕ್ಕೆ ಪರಿಹಾರ ಅಂತ 1990ರ ದಶಕದಲ್ಲಿ ಐಎಫ್‌ಸಿ ಅನ್ನೋ ಸಾಮಾನ್ಯ ಭಾಷೆ ರೂಪುಗೊಂಡಿತು, 2013ರಲ್ಲಿ ಅದು ಐಎಸ್‌ಓ ಮಾನದಂಡವಾಯ್ತು. ಇದರಲ್ಲಿ ಗೋಡೆ ಗೋಡೆ ಅಂತಲೇ ಸಾಗುತ್ತೆ, ಬಾಗಿಲು ಯಾವ ಗೋಡೆಯದ್ದು ಅನ್ನೋದೂ ಸಾಗುತ್ತೆ. ಮ್ಯಾಕ್‌ಫರ್ಲೇನ್ ಕ್ಯಾಟಲಾಗಿನ ನಂಬರಿನ ಮೊಮ್ಮಗ ಅನ್ನಿ. ಆದ್ರೆ ಇದೂ ಮಂತ್ರದಂಡ ಅಲ್ಲ. ಕಳಿಸೋರು ಸ್ಕೆಚ್‌ಅಪ್‌ನಲ್ಲಿ ಇದು ಗೋಡೆ, ಇದು ಚಾವಣಿ ಅಂತ ಗುರುತು ಹಾಕದೆ ಇದ್ರೆ, ಆ ಕಡೆ ಎಲ್ಲಕ್ಕೂ ಏನೋ ಒಂದು ವಸ್ತು ಅನ್ನೋ ಹಣೆಪಟ್ಟಿ ಅಂಟಿಕೊಂಡು ಬರುತ್ತೆ. ಗೊತ್ತಿಲ್ಲದ ವಿಷಯವನ್ನ ಯಾವ ಫೈಲೂ ಹೊತ್ತು ತರಲ್ಲ. ದುಡ್ಡಿನ ಚಿಂತೆ ಇರೋರಿಗೆ ಒಂದು ಮಾತು: ಫ್ರೀಕ್ಯಾಡ್ ಮತ್ತು ಬ್ಲೆಂಡರ್ ಮೇಲೆ ಕೂರೋ ಬೋನ್ಸಾಯ್, ಎರಡೂ ಪುಕ್ಕಟೆ, ಎರಡಕ್ಕೂ ಐಎಫ್‌ಸಿ ಬರುತ್ತೆ. ಸಣ್ಣ ಮನೆಯೇ ಆದ್ರೆ ಸ್ಕೆಚ್‌ಅಪ್ ಜೊತೆಗೆ ಬರೋ ಲೇಔಟ್ ಸಾಕು, 2007ರಿಂದ ಇದೆ. ಮಾಡೆಲ್ ತಿದ್ದಿದ್ರೆ ಹಾಳೆಯೂ ತಿದ್ದಿಕೊಳ್ಳುತ್ತೆ. ಎಲ್ಲರೂ ರೆವಿಟ್‌ಗೆ ಹೋಗಲೇಬೇಕು ಅನ್ನೋದು ಕೋರ್ಸ್ ಮಾರೋರ ಮಾತು.

ಕರ್ನಾಟಕದಲ್ಲಿ ಕಟ್ಟಡ ಪರವಾನಗಿಗೆ ಆನ್‌ಲೈನ್‌ನಲ್ಲಿ ನಕ್ಷೆ ಹಾಕೋ ಪದ್ಧತಿ ಬಂದಿದೆ. ನಕ್ಷೆಯನ್ನ ಯಂತ್ರವೇ ಓದೋ ಕಡೆ ಲೇಯರಿನ ಹೆಸರೇ ಪ್ರಾಣ. ಸೈಟಿನ ಗಡಿ ಗಡಿಯ ಲೇಯರಿನಲ್ಲಿ ಮುಚ್ಚಿದ ಗೆರೆಯಾಗಿ ಇರಬೇಕು, ಕಟ್ಟಡದ ಹೊರ ಅಂಚು ಅದರ ಲೇಯರಿನಲ್ಲಿ. ಕನ್ವರ್ಟ್ ಬಟನ್ ಒತ್ತಿ ತೆಗೆದ ಫೈಲಿನಲ್ಲಿ ಗಡಿಯ ಗೆರೆ ನಾಲ್ಕು ತುಂಡಾಗಿ, ಒಂದು ಮೂಲೆಯಲ್ಲಿ ಕೂದಲೆಳೆ ಬಿಟ್ಟುಕೊಂಡಿದ್ರೆ ಸೆಟ್‌ಬ್ಯಾಕಿನ ಲೆಕ್ಕ ಹಾಕೋಕೆ ಆಗಲ್ಲ. ಅರ್ಜಿ ವಾಪಸ್ ಬರುತ್ತೆ. ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ 2016ರಲ್ಲೇ ಹೆಸರು ಬಂದ ಊರು ದಾವಣಗೆರೆ. ಇಂಥ ಊರಲ್ಲಿ ಗೆರೆ ಮುಚ್ಚಿದೆಯಾ ಅಂತ ನೋಡೋ ಕಣ್ಣಿಗೆ ಬೆಲೆ ಇರಬೇಕು.

ಇನ್ನು ಹಳೇ ಕಟ್ಟಡವನ್ನ ದಾಖಲೆಗೆ ಇಳಿಸೋ ಉಲ್ಟಾ ಕೆಲಸ. ಇದರ ದೊಡ್ಡ ಉದಾಹರಣೆ ಇದೇ ತುಂಗಭದ್ರೆಯ ಕೆಳಗಿನ ದಂಡೆಯಲ್ಲಿದೆ, ಹಂಪಿಯಲ್ಲಿ. 1980ರಿಂದ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್ ನಡೆಸಿದ ಸಂಶೋಧನಾ ಯೋಜನೆಯಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಟೇಪು ಹಿಡಿದು ಒಂದೊಂದೇ ಮಂಟಪ ಅಳೆದು ಕೈಯಲ್ಲಿ ಬರೆದರು. ಈಗ ಲೇಸರ್ ಸ್ಕ್ಯಾನರ್ ಕೆಲವು ನಿಮಿಷದಲ್ಲಿ ಕೋಟಿಗಟ್ಟಲೆ ಬಿಂದು ಕೊಡುತ್ತೆ. ಆದ್ರೆ ಆ ಬಿಂದುಗಳ ಮೋಡದಲ್ಲಿ ಕಂಬ ಯಾವುದು, ಕಂಬಕ್ಕೆ ಒರಗಿಸಿಟ್ಟ ಏಣಿ ಯಾವುದು ಅಂತ ಹೇಳೋಕೆ ಮತ್ತೆ ಮನುಷ್ಯನೇ ಬೇಕು. ಟೇಪು ಹಿಡಿದಿದ್ದ ವಿದ್ಯಾರ್ಥಿಗೆ ಆ ಗೊಂದಲ ಬರ್ತಿರಲಿಲ್ಲ. ಹರಿಹರದ ಕಂಬಗಳನ್ನ ಹೀಗೆ ಯಾರಾದ್ರೂ ಬರೆಯೋದಾದ್ರೆ, ಸ್ಕ್ಯಾನ್ ಮಾಡಿ ನಿಲ್ಲಿಸಬೇಡಿ. ಪ್ರತಿ ಬಗೆಯ ಕಂಬಕ್ಕೂ ಆ ಒಂದು ಬಳುಕು ಗೆರೆಯನ್ನ ತೆಗೆದಿಡಿ.

ಕೊನೆಯದಾಗಿ, ಉಳಿಸೋ ವಿಷಯ. ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1951ರಲ್ಲಿ. ಆ ಕಾಲದ ನಕ್ಷೆಗಳನ್ನ ಟ್ರೇಸಿಂಗ್ ಬಟ್ಟೆ ಮೇಲೆ ಶಾಯಿಯಲ್ಲಿ ಬರೀತಿದ್ರು, ಅದನ್ನ ಓದೋಕೆ ಬೆಳಕಿದ್ರೆ ಸಾಕು. ರೆವಿಟ್ ಫೈಲ್ ಹಾಗಲ್ಲ. ಈ ವರ್ಷದ ಆವೃತ್ತಿಯಲ್ಲಿ ಉಳಿಸಿದ ಫೈಲು ಹೋದ ವರ್ಷದ ಆವೃತ್ತಿಯಲ್ಲಿ ತೆರೆಯಲ್ಲ, ಹಿಂದಕ್ಕೆ ಉಳಿಸೋ ದಾರಿಯೂ ಇಲ್ಲ. ಹಾಗಾಗಿ ನೀವು ಈ ಕೆಲಸದಲ್ಲಿದ್ರೆ, ಮನೆ ಒಪ್ಪಿಸೋ ದಿನ ಮೂರು ಫೈಲ್ ಕೊಡಿ: ಮೂಲ ಮಾಡೆಲ್, ಐಎಫ್‌ಸಿ, ಅಳತೆ ಇರೋ ಹಾಳೆಗಳ ಪಿಡಿಎಫ್. ನೀವು ಮನೆ ಕಟ್ಟಿಸ್ತಿರೋರಾದ್ರೆ, ಕೊನೆ ಕಂತು ಕೊಡೋಕೆ ಮುಂಚೆ ಈ ಮೂರನ್ನೂ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಪಿಡಿಎಫ್‌ನ ಒಂದು ಪ್ರಿಂಟು ತೆಗೆಸಿ ಮನೆಪತ್ರದ ಜೊತೆ ಬೀರುವಿನಲ್ಲಿಡಿ. ಹತ್ತು ವರ್ಷದ ಮೇಲೆ ಬಚ್ಚಲಮನೆ ಪೈಪು ಸೋರಿದಾಗ ಪ್ಲಂಬರ್ ಗೋಡೆ ಎಲ್ಲಿ ಒಡೀಬೇಕು ಅಂತ ಕೇಳ್ತಾನಲ್ಲ, ಆಗ ಆ ಹಾಳೆ ಬೇಕಾಗುತ್ತೆ.

ಮುಂದಿನ ವಾರ ಸಿಗೋಣ.